ಹಳೆಯ ಇಳಕಲ್ ಸೀರೆ: ಮಾರುವ ಮೊದಲು ರಫು ಮಾಡಿಸಬೇಕೇ?

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮನೆಗಳ ಟ್ರಂಕಿನಲ್ಲಿ ಅಜ್ಜಿ ಉಟ್ಟ ಇಳಕಲ್ ಸೀರೆಯೋ, ಕಸೂತಿ ಹಾಕಿದ ಚಂದ್ರಕಾಳಿಯೋ ಇನ್ನೂ ಇರಬಹುದು. ಉಡುವವರಿಲ್ಲವೆಂದು ಮಾರಲು ಹೊರಟಾಗ ಎರಡು ತಪ್ಪುಗಳಾಗುತ್ತವೆ. ಹರಿದಿದೆಯೆಂದು ಒಂದು ಸ್ಟೀಲ್ ಡಬ್ಬಿಗೆ ಕೊಟ್ಟುಬಿಡುವುದು ಒಂದು. ಚೆನ್ನಾಗಿ ಕಾಣಲೆಂದು ಅವಸರದಲ್ಲಿ ಮಷೀನ್ ಹೊಲಿಗೆ ಹಾಕಿಸುವುದು ಇನ್ನೊಂದು. ಎರಡರಲ್ಲೂ ನಷ್ಟ ನಮಗೇ.

ಮೊದಲು ಕೊಳ್ಳುವವರು ಯಾರೆಂದು ಯೋಚಿಸಿ. ಉಡಲು ಕೊಳ್ಳುವವರಿಗೆ ಗಟ್ಟಿ ಸೀರೆ ಬೇಕು. ಒಂದೆರಡು ತೂತುಗಳಿಗೆ ಒಳ್ಳೆಯ ರಫು ಮಾಡಿಸಿದರೆ ಲಾಭ. ಹಳೆಯ ನೇಯ್ಗೆ ಸಂಗ್ರಹಿಸುವವರು ಇದ್ದದ್ದು ಇದ್ದಂತೆಯೇ ಬಯಸುತ್ತಾರೆ. ಕೌದಿಗೆ, ಕುಪ್ಪಸಕ್ಕೆ ಕತ್ತರಿಸುವವರಿಗೆ ರಫು ಬೇಕಾಗಿಯೇ ಇಲ್ಲ.

ಆಮೇಲೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಬಟ್ಟೆ ಗಟ್ಟಿಯಿದ್ದು ಒಂದೇ ಕಡೆ ಹರಿದಿದ್ದರೆ ರಫು ನಿಲ್ಲುತ್ತದೆ. ಮಡಿಕೆಯುದ್ದಕ್ಕೂ ರೇಷ್ಮೆ ಸೀಳುತ್ತಿದ್ದರೆ ಎಳೆಯೇ ಸತ್ತಿದೆ ಎಂದರ್ಥ. ಸೂಜಿ ಚುಚ್ಚಿದಷ್ಟೂ ಹರಿಯುತ್ತದೆ.

ಹರಿದ ಜಾಗವೂ ಮುಖ್ಯ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೆಳೆಯನ್ನೂ ಸೆರಗಿನ ಹಾಸೆಳೆಯನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕೊಂಡಿಯೇ ಅದರ ಗುರುತು. ಅದರ ಮೇಲೆ ಮಷೀನ್ ಹೊಲಿಗೆ ಬಿದ್ದರೆ ಗುರುತೇ ಮುಚ್ಚಿಹೋಗುತ್ತದೆ. ಕಸೂತಿಗೆ ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ಬಲ್ಲವರು ಮೊದಲು ಹಿಂಬದಿಯನ್ನೇ ತಿರುಗಿಸಿ ನೋಡುತ್ತಾರೆ. ಬಿಟ್ಟುಹೋದ ಕಡೆ ಹೊಸ ದಾರದಿಂದ ತುಂಬಿಸಿ ಗಂಟು ಬಿಟ್ಟರೆ ಬೆಲೆ ಇಳಿಯುತ್ತದೆ.

ಹೊಸೂರು, ರಾಯದುರ್ಗ, ಮಡಕಶಿರಾ ಕಡೆಯ ಸದಸ್ಯರ ಮನೆಯ ಜರಿ ಸೀರೆಗೂ ಇದೇ ಮಾತು. ಅಸಲಿ ಜರಿಯಲ್ಲಿ ಬೆಳ್ಳಿಯಿರುವುದರಿಂದ ಅದು ಕಪ್ಪಾಗುತ್ತದೆ. ಹುಣಸೆಹಣ್ಣು, ಪಾಲಿಶ್ ಹಾಕಿ ತಿಕ್ಕಿದರೆ ಮೇಲಿನ ಚಿನ್ನದ ಲೇಪ ಹೋಗುತ್ತದೆ. ಜರಿಯಲ್ಲಿ ಬೆಳ್ಳಿ ಎಷ್ಟಿದೆಯೆಂದು ಪರೀಕ್ಷಿಸಿಕೊಳ್ಳದೆ ಮನೆ ಬಾಗಿಲಲ್ಲಿ ಬೆಲೆ ಒಪ್ಪಬೇಡಿ.

ಇನ್ನು ಲೆಕ್ಕ. ಇದ್ದ ಸ್ಥಿತಿಯಲ್ಲೇ ಸೀರೆಗೆ 800 ರೂಪಾಯಿ ಸಿಗುತ್ತದೆ, ರಫುವಿಗೆ 500 ಬೇಕು, ಆಮೇಲೆ 1,200ಕ್ಕೆ ಹೋಗುತ್ತದೆ ಎಂದುಕೊಳ್ಳಿ. ಕೈಗೆ ಉಳಿಯುವುದು 700. ನೂರು ರೂಪಾಯಿ ನಷ್ಟ. ಹಾಗಾಗಿ ರಫು ಮಾಡಿಸುವ ಮೊದಲೇ ಇಬ್ಬರು ಮೂವರಿಗೆ ತೋರಿಸಿ ಬೆಲೆ ಕೇಳಿ.

ಯಾರಿಗೇ ಮಾರಿದರೂ ಇಷ್ಟು ಮಾಡಬಹುದು: ನೆರಳಿನಲ್ಲಿ ಗಾಳಿಗೆ ಹಾಕಿ, ತುಕ್ಕು ಹಿಡಿದ ಪಿನ್ನು ತೆಗೆಯಿರಿ. ಒದ್ದೆ ಬಿಳಿ ಬಟ್ಟೆಯಿಂದ ಸೆರಗಿನ ಮೂಲೆ ಒತ್ತಿ ನೋಡದೆ ತೊಳೆಯಬೇಡಿ. ಕೆಂಪು ಬಣ್ಣ ಬಿಟ್ಟರೆ ಇಡೀ ಸೀರೆ ಹಾಳು. ಹರಿದದ್ದನ್ನೂ ರಫು ಮಾಡಿಸಿದ್ದನ್ನೂ ಮುಚ್ಚಿಡದೆ ಹೇಳಿ.

ಕೊನೆಯದಾಗಿ, ಯಾರು ಉಟ್ಟದ್ದು, ಯಾವ ಊರಿನದು, ಯಾರ ಮದುವೆಯದು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಸೀರೆಯ ಜೊತೆ ಕೊಡಿ. ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ಹರಿದ ಸೀರೆಗೆ ಆಮೇಲೂ ರಫು ಮಾಡಿಸಬಹುದು, ಆದರೆ ಹಿರಿಯರು ಹೋದ ಮೇಲೆ ಈ ವಿವರ ಹೇಳುವವರಿರುವುದಿಲ್ಲ.