ಉರಿಯುವ ಅಂಗಾಲು, ಜಾರುವ ಚಪ್ಪಲಿ

ದಿಲ್ಲಿಯ ಪೀತಮ್‌ಪುರದಿಂದ ಓದುಗರೊಬ್ಬರು: ಸಕ್ಕರೆ ಕಾಯಿಲೆ ಬಂದು 12 ವರ್ಷವಾಯಿತು. ರಾತ್ರಿ ಅಂಗಾಲು ಉರಿಯುತ್ತದೆ; ಆದರೆ ಹಗಲು ನಡೆಯುವಾಗ ಚಪ್ಪಲಿ ಜಾರಿಹೋದದ್ದೂ ತಿಳಿಯುವುದಿಲ್ಲ. ಇದೇನು ವಿಚಿತ್ರ?

ರಕ್ತದಲ್ಲಿ ಬಹುಕಾಲ ಹೆಚ್ಚಿ ನಿಂತ ಸಕ್ಕರೆಯು ನರತಂತುಗಳನ್ನೂ ಅವುಗಳನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳನ್ನೂ ಕೆಡಿಸುವಾಗ, ಬೆನ್ನುಹುರಿಯಿಂದ ಅತಿ ದೂರಕ್ಕೆ ಚಾಚಿರುವ ಕಾಲ್ಬೆರಳಿನ ತಂತುಗಳೇ ಮೊದಲು ಬಳಲುತ್ತವೆ. ಗಾಸಿಗೊಂಡ ತಂತು ಕಾರಣವಿಲ್ಲದೆಯೇ ಉರಿಯೆಂದು ಕೂಗಿದರೆ, ಸತ್ತ ತಂತು ಮುಳ್ಳು ಚುಚ್ಚಿದರೂ ಸುಮ್ಮನಿರುತ್ತದೆ. ಮಧುಮೇಹವನ್ನೂ ಒಳಗೊಂಡ ಪ್ರಮೇಹದ ಪೂರ್ವರೂಪಗಳಲ್ಲಿ ಅಂಗೈ ಅಂಗಾಲುಗಳ ದಾಹವನ್ನು ಸುಶ್ರುತಸಂಹಿತೆಯೂ ಎಣಿಸಿದೆ.

ಉರಿಗಿಂತ ಆ ಜಾರಿದ ಚಪ್ಪಲಿಯೇ ನನ್ನಲ್ಲಿ ಹೆಚ್ಚು ಭೀತಿಯನ್ನು ಹುಟ್ಟಿಸುತ್ತದೆ. ನಿಮ್ಮೂರಿನ ಪುಷ್ಯಮಾಸದ ಚಳಿಯಲ್ಲಿ ಹೀಟರಿನ ಮುಂದೆ ಕಾಲು ಚಾಚಿಯೋ, ಬಿಸಿನೀರಿನ ಚೀಲವನ್ನು ರಜಾಯಿಯೊಳಗಿಟ್ಟುಕೊಂಡೋ ಮಲಗಿದವರು, ಬೆಳಗ್ಗೆ ಬೊಬ್ಬೆಯನ್ನು ಕಂಡ ಮೇಲಷ್ಟೇ ಸುಟ್ಟುದನ್ನರಿಯುವುದುಂಟು. ನೋವೆಂಬುದು ದೇಹದ ಕಾವಲುಗಾರನೆಂಬುದನ್ನು ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಪಾದಗಳನ್ನು ನೋಡುತ್ತ ಡಾ. ಪಾಲ್ ಬ್ರ್ಯಾಂಡ್ ಮನಗಂಡರು. ಅಂಥ ಪಾದಗಳಿಗೆಂದು ಬಳಕೆಗೆ ಬಂದ ಮೆತ್ತನೆಯ ರಬ್ಬರಿನ ಅಟ್ಟೆಯ ಚಪ್ಪಲಿ ಈಗ ಮಧುಮೇಹಿಗಳಿಗೂ ಒದಗುತ್ತಿದೆ.

ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದಲೂ 128 ಹರ್ಟ್ಸ್ ಶ್ರುತಿಕವೆಯಿಂದಲೂ ಸ್ಪರ್ಶವನ್ನೂ ಕಂಪನದ ಅರಿವನ್ನೂ ಪರೀಕ್ಷಿಸುವರು. ಮೆಟ್‌ಫಾರ್ಮಿನನ್ನು ಬಹುವರ್ಷ ಸೇವಿಸಿದ್ದರೆ, ಅದರಲ್ಲಿಯೂ ತಾವು ಸಸ್ಯಾಹಾರಿಗಳಾಗಿದ್ದರೆ, ಬಿ12 ಜೀವಸತ್ವವನ್ನೂ ಅಳೆಸಿಕೊಳ್ಳಿ. ಅದರ ಕೊರತೆಯೂ ಇಂಥದೇ ಜೋಮು ಹಿಡಿಸುತ್ತದೆ. ಉರಿಗೆ ವೈದ್ಯರು ಬರೆದುಕೊಡುವ ಪ್ರಿಗ್ಯಾಬಲಿನ್, ಡ್ಯುಲಾಕ್ಸೆಟಿನ್ ಮೊದಲಾದವು ನೋವನ್ನು ತಗ್ಗಿಸಬಲ್ಲವೇ ಹೊರತು ನರವನ್ನು ಚಿಗುರಿಸಲಾರವು; ಸಕ್ಕರೆಯ ಹತೋಟಿ ತಪ್ಪಿದ್ದಲ್ಲ. ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲನ್ನು ನೋಡಿಕೊಳ್ಳಿ. ಸ್ನಾನದ ನೀರಿಗೆ ಕಾಲಿಡುವ ಮೊದಲು ಮನೆಯವರ ಕೈಯನ್ನದ್ದಿಸಿ.