ಯಂತ್ರಕ್ಕೆ ಮುಂಗಡ ಕೊಡುವ ಮೊದಲು

ತೋಟ ಮಾಡಬಲ್ಲವನಿಗೆ ವ್ಯಾಪಾರವೇನೂ ಕಷ್ಟವಲ್ಲ ಎಂಬ ಭಾವನೆ ನಮ್ಮ ಬೆಳೆಗಾರರಲ್ಲಿ ಅನೇಕರಿಗಿದೆ. ನಮಗೂ ಇತ್ತು. ಕೆಲವು ವರ್ಷಗಳ ಹಿಂದೆ ನಾವು ಮನೆಯ ಕಾಫಿಯನ್ನೇ ಹುರಿದು, ಪುಡಿ ಮಾಡಿ ಮಾರಲು ಹೊರಟೆವು. ಪುಡಿ ಚೆನ್ನಾಗಿತ್ತು, ಕೊಳ್ಳುವವರೂ ಇದ್ದರು. ಆದರೆ ವರ್ಷಾಂತ್ಯದಲ್ಲಿ ಲೆಕ್ಕ ಹಾಕಿದಾಗ, ಬೀಜವನ್ನು ಹಾಗೆಯೇ ಮಾರಿದ್ದರೆ ಹೆಚ್ಚು ಹಣ ಕೈಗೆ ಬರುತ್ತಿತ್ತೆಂದು ತಿಳಿಯಿತು.

ತಪ್ಪಿದ್ದು ಎಲ್ಲಿ? ಕ್ಯೂರಿಂಗ್ ಆದ 100 ಕಿಲೋ ಬೀಜವನ್ನು ಹುರಿದರೆ ಹುರಿತದ ಹದಕ್ಕನುಗುಣವಾಗಿ ಸುಮಾರು 15ರಿಂದ 20 ಕಿಲೋ ತೂಕ ಕಳೆದುಹೋಗುತ್ತದೆ. ಬೀಜದ ಬೆಲೆ ಕಿಲೋಗೆ 400 ರೂ. ಎಂದಿಟ್ಟುಕೊಳ್ಳೋಣ. 20 ಕಿಲೋ ಕಳೆದರೆ ಹುರಿದ ಬೀಜದ ಅಸಲೇ ಕಿಲೋಗೆ 500 ರೂ. ಆಗುತ್ತದೆ. ಇದರ ಮೇಲೆ ವಿದ್ಯುತ್ತು, ಪೊಟ್ಟಣ, ಸಾಗಣೆ, ಬಡ್ಡಿ. ಅಂಗಡಿಯವರ ಬಳಿ ಉಳಿದ ಬಾಕಿ ಬೇರೆ. ಮನೆಯವರ ದುಡಿಮೆಗಂತೂ ನಾವು ಕೂಲಿಯನ್ನೇ ಬರೆದಿರಲಿಲ್ಲ.

ಇಂದು ಬೆಳೆಗಾರರ ಮಕ್ಕಳು ಕಾಫಿಪುಡಿ, ಹಾಳೆತಟ್ಟೆ, ತೆಂಗಿನೆಣ್ಣೆ ಮೊದಲಾದ ಉದ್ಯಮಗಳಿಗೆ ಕೈಹಾಕುತ್ತಿರುವುದು ಸಂತೋಷದ ಸಂಗತಿ. ಆದರೆ ಸಾಲಕ್ಕೆ ಆಧಾರವಾಗಿ ತೋಟದ ಪಹಣಿ ಹೋಗುವುದರಿಂದ, ಕಲಿಯದೆ ಹೂಡಿದ ಹಣ ಮುಳುಗಿದರೆ ತೋಟಕ್ಕೇ ಸಂಚಕಾರ. ಆದ್ದರಿಂದ ಮೊದಲು ಕಲಿಯಿರಿ ಎಂಬುದು ನಮ್ಮ ಸಲಹೆ.

ಕಲಿಯುವುದೆಲ್ಲಿ?

ಉಜಿರೆಯಲ್ಲಿ 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಆಗಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದಿಂದ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಇಲ್ಲಿ ಗ್ರಾಮೀಣ ನಿರುದ್ಯೋಗಿ ಯುವಜನರಿಗೆ ಊಟ, ವಸತಿಯೊಂದಿಗೆ ಉಚಿತ ತರಬೇತಿ ದೊರೆಯುತ್ತದೆ. ಕಸುಬಿನ ಜೊತೆಗೆ ಲೆಕ್ಕ ಬರೆಯುವುದು, ಮಾರುಕಟ್ಟೆ ವಿಚಾರಿಸುವುದು, ಬ್ಯಾಂಕಿಗೆ ಯೋಜನಾ ವರದಿ ಸಿದ್ಧಪಡಿಸುವುದನ್ನೂ ಕಲಿಸುತ್ತಾರೆ. ಇದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳಿವೆ. ನಿಮ್ಮ ಬ್ಯಾಂಕ್ ಶಾಖೆಯಲ್ಲಿ ಕೇಳಿದರೆ ವಿಳಾಸ ಸಿಗುತ್ತದೆ.

ಕಾಫಿ ಹುರಿಯುವ ಮತ್ತು ತಯಾರಿಸುವ ಕ್ರಮದ ಬಗ್ಗೆ ಕಾಫಿ ಮಂಡಳಿಯು ಬೆಂಗಳೂರಿನಲ್ಲಿ 'ಕಾಪಿ ಶಾಸ್ತ್ರ' ಎಂಬ ತರಬೇತಿ ನಡೆಸುತ್ತದೆ. ಆಹಾರ ಸಂಸ್ಕರಣೆಗೆ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ.ಯ ಅಲ್ಪಾವಧಿ ಶಿಬಿರಗಳುಂಟು. ತೆಂಗಿನ ಉತ್ಪನ್ನಗಳಿಗೆ ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಇದೆ.

ಕಾನೂನು, ಮಾರುಕಟ್ಟೆ

ತಿನ್ನುವ, ಕುಡಿಯುವ ಪದಾರ್ಥ ಮಾರುವವರು ಎಷ್ಟೇ ಚಿಕ್ಕವರಾದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಪುಡಿಗೆ ಚಿಕೋರಿ ಬೆರೆಸಿದರೆ ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು; ಕಾಫಿ ಶೇ. 51ಕ್ಕಿಂತ ಕಡಿಮೆಯಿರಕೂಡದು.

ಮಾರುಕಟ್ಟೆ ಹೇಗೆ ತಿರುಗುತ್ತದೆಂಬುದಕ್ಕೆ ಹಾಳೆತಟ್ಟೆಯೇ ಸಾಕ್ಷಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳನ್ನು ಆಹಾರ ಬಡಿಸಲು ಮಾರಕೂಡದೆಂದು ಅಲ್ಲಿನ ವ್ಯಾಪಾರಿಗಳಿಗೆ ತಿಳಿಸಿತು. ಹಾಳೆಯಲ್ಲಿರುವ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬುದು ಅದು ಕೊಟ್ಟ ಕಾರಣ. ರಫ್ತನ್ನೇ ನಂಬಿ ಯಂತ್ರ ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು.

ಆದ್ದರಿಂದ ಬಂಧುಗಳೇ, ಮುಂಗಡ ಕೊಡುವ ಮೊದಲು ಒಂದು ಹಾಳೆಯಲ್ಲಿ ಮೂರು ಮಾತು ಬರೆಯಿರಿ: ಕೊಳ್ಳುವವರು ಯಾರು? ಎಲ್ಲ ಖರ್ಚೂ ಸೇರಿ ಅಸಲು ಎಷ್ಟು? ಹಾಕಿದ ಹಣ ಎಷ್ಟು ತಿಂಗಳಿಗೆ ತಿರುಗಿ ಬರುತ್ತದೆ? ಉತ್ತರ ತೋಚದಿದ್ದರೆ ಮಗನನ್ನೋ ಮಗಳನ್ನೋ ಮೊದಲು ತರಬೇತಿಗೆ ಕಳುಹಿಸಿ. ಹತ್ತು ದಿನ ತೋಟದ ಕೆಲಸ ಹಿಂದೆ ಬಿದ್ದರೂ ಚಿಂತೆಯಿಲ್ಲ. ನಾವು ಒಂದು ವರ್ಷದ ಫಸಲು ತೆತ್ತು ಕಲಿತ ಪಾಠವನ್ನು ಅವರು ಪುಕ್ಕಟೆಯಾಗಿ ಕಲಿತು ಬರಲಿ.