ನಿಮಗಿದು ಗೊತ್ತೇ? ಸಂಸ್ಕೃತ, ಕಂಪ್ಯೂಟರ್ ಮತ್ತು ಇಲ್ಲದ ರಾಷ್ಟ್ರಭಾಷೆ

‘ಕಂಪ್ಯೂಟರಿಗೆ ಸಂಸ್ಕೃತದಷ್ಟು ತಕ್ಕ ಭಾಷೆ ಇನ್ನೊಂದಿಲ್ಲ ಎಂದು ನಾಸಾ ಹೇಳಿದೆ’ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ನಾಸಾ ಹಾಗೆ ಹೇಳಿಲ್ಲ. ಮಾತಿನ ಬೇರು ಇರುವುದು 1985ರಲ್ಲಿ ಅಮೆರಿಕದ ‘ಎಐ ಮ್ಯಾಗಜೀನ್’ ಪ್ರಕಟಿಸಿದ ಒಂದು ಲೇಖನದಲ್ಲಿ. ಅದನ್ನು ಬರೆದ ರಿಕ್ ಬ್ರಿಗ್ಸ್ ಆಗ ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿದ್ದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದರು. ನಾಸಾದ ಹೆಸರು ಅಂಟಿಕೊಂಡದ್ದು ಹೀಗೆ.

ಸಂಸ್ಕೃತದಲ್ಲಿ ಪ್ರೋಗ್ರಾಮ್ ಬರೆಯಿರಿ ಎಂದು ಬ್ರಿಗ್ಸ್ ಹೇಳಿರಲಿಲ್ಲ. ವಾಕ್ಯವೊಂದರ ಅರ್ಥವನ್ನು ಯಂತ್ರದೊಳಗೆ ಗೊಂದಲವಿಲ್ಲದೆ ಇಡುವುದು ಹೇಗೆ ಎಂಬುದು ಅವರ ಪ್ರಶ್ನೆ. ನಮ್ಮ ವೈಯಾಕರಣರೂ ನೈಯಾಯಿಕರೂ ‘ಶಾಬ್ದಬೋಧ’ ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ತಲೆ ಕೆಡಿಸಿಕೊಂಡದ್ದೂ ಇದಕ್ಕೇ. ‘ಚೈತ್ರ ಊರಿಗೆ ಹೋಗುತ್ತಾನೆ’ ಎಂಬ ಪುಟ್ಟ ವಾಕ್ಯವನ್ನು ಅವರು ಬಿಡಿಸುವ ಬಗೆ ನೋಡಿ: ಒಂದು ಕ್ರಿಯೆ ಇದೆ, ಅದು ಈಗ ನಡೆಯುತ್ತಿದೆ, ಊರನ್ನು ಸೇರುವುದು ಅದರ ಫಲ, ಚೈತ್ರ ಅದರ ಕರ್ತೃ, ಆ ಕರ್ತೃ ಒಬ್ಬನೇ. ಕಾಲ, ವಚನ, ಕಾರಕ ಯಾವುದನ್ನೂ ಕೇಳುಗನ ಊಹೆಗೆ ಬಿಡುವುದಿಲ್ಲ. ಎಐ ವಿಜ್ಞಾನಿಗಳು ಆಗ ಕಟ್ಟುತ್ತಿದ್ದ, ವಾಕ್ಯದ ಅರ್ಥವನ್ನು ಸಂಬಂಧಗಳ ಬಲೆಯಾಗಿ ತೋರಿಸುವ ಅರ್ಥಜಾಲಗಳಿಗೂ ಇದಕ್ಕೂ ಇರುವ ಹೋಲಿಕೆಯನ್ನು ಬ್ರಿಗ್ಸ್ ತೋರಿಸಿದರು. ಆದರೆ ಇದು ಶಾಸ್ತ್ರಕಾರರು ರೂಢಿಸಿಕೊಂಡ ವಿಶ್ಲೇಷಣೆಯ ಕ್ರಮ, ಜನ ಆಡುತ್ತಿದ್ದ ಸಂಸ್ಕೃತವಲ್ಲ. ಅದೇ ವಿಶ್ಲೇಷಣೆಯನ್ನು ನಾವು ಈಗಷ್ಟೇ ಕನ್ನಡದಲ್ಲೇ ಮಾಡಿದೆವಲ್ಲ!

ಆ ಲೇಖನದ ಬೆನ್ನಿಗೇ, 1986ರ ಡಿಸೆಂಬರಿನಲ್ಲಿ, ಈ ವಿಷಯದ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಎಲ್ಲಿ ಅಂತೀರಿ? ಬೆಂಗಳೂರಿನಲ್ಲಿ. ಶಾಸ್ತ್ರ ಓದಿದ ಪಂಡಿತರೂ ಕಂಪ್ಯೂಟರ್ ವಿಜ್ಞಾನಿಗಳೂ ಅಲ್ಲಿ ಒಟ್ಟಿಗೆ ಕೂತು ಚರ್ಚಿಸಿದರು.

ಹಾಗಾದರೆ ಹೆಮ್ಮೆಪಡಲು ಏನೂ ಇಲ್ಲವೇ? ಬೇಕಾದಷ್ಟಿದೆ, ಅದೂ ವಾಟ್ಸ್‌ಆ್ಯಪ್ ಸಂದೇಶ ಹೇಳುವುದಕ್ಕಿಂತ ದೊಡ್ಡದು. ಸುಮಾರು 2,400 ವರ್ಷಗಳ ಹಿಂದೆ, ಇಂದು ಪಾಕಿಸ್ತಾನದಲ್ಲಿರುವ ಶಲಾತುರ ಎಂಬ ಊರಿನ ಪಾಣಿನಿ ಒಂದು ಇಡೀ ಭಾಷೆಯನ್ನು ಹತ್ತಿರ ಹತ್ತಿರ 4,000 ಸೂತ್ರಗಳಲ್ಲಿ ಹಿಡಿದಿಟ್ಟ. ಶಾಲೆಯಲ್ಲಿ ಕಲಿತ ಯಣ್ ಸಂಧಿ ನೆನಪಿದೆಯೇ? ಇತಿ ಮತ್ತು ಆದಿ ಸೇರಿ ಇತ್ಯಾದಿ, ಮನು ಮತ್ತು ಅಂತರ ಸೇರಿ ಮನ್ವಂತರ. ಪಾಣಿನಿಯಲ್ಲಿ ಅದು ಐದೇ ಅಕ್ಷರಗಳ ಸೂತ್ರ. ಯಾವುದು ಹೋಗಬೇಕು ಎನ್ನುವುದಕ್ಕೆ ಷಷ್ಠಿ ವಿಭಕ್ತಿ, ಅದರ ಜಾಗಕ್ಕೆ ಏನು ಬರಬೇಕು ಎನ್ನುವುದಕ್ಕೆ ಪ್ರಥಮಾ, ಮುಂದೆ ಏನಿದ್ದಾಗ ಎನ್ನುವುದಕ್ಕೆ ಸಪ್ತಮೀ. ವಿಭಕ್ತಿಗಳನ್ನೇ ಸಂಕೇತಗಳಾಗಿ ದುಡಿಸಿಕೊಂಡ ಈ ಜಾಣ್ಮೆಗೆ ಎಷ್ಟು ತಲೆಬಾಗಿದರೂ ಸಾಲದು. ‘ಇಂಥ ಸಂದರ್ಭದಲ್ಲಿ ಇದರ ಬದಲು ಅದನ್ನು ಇಡು’ ಎಂಬ ಇದೇ ಅಚ್ಚಿನ ನಿಯಮಗಳ ಮೇಲೆ ಇಪ್ಪತ್ತನೇ ಶತಮಾನದ ಕೆಲವು ಗಣಕ ಸಿದ್ಧಾಂತಗಳು ನಿಂತಿವೆ.

ಅಕ್ಷರಗಳ ಗುಂಪುಗಳಿಗೂ ಪಾಣಿನಿಯಲ್ಲಿ ಇಂಥದೇ ಚುಟುಕು ಹೆಸರುಗಳಿವೆ: ಅಚ್ ಎಂದರೆ ಎಲ್ಲ ಸ್ವರಗಳು, ಹಲ್ ಎಂದರೆ ಎಲ್ಲ ವ್ಯಂಜನಗಳು. ಹದಿನಾಲ್ಕು ಶಿವಸೂತ್ರಗಳಲ್ಲಿ ಅಕ್ಷರಗಳನ್ನು ಎಷ್ಟು ಎಚ್ಚರದಿಂದ ಜೋಡಿಸಲಾಗಿದೆಯೆಂದರೆ, ಶುರುವಿನ ಅಕ್ಷರ ಮತ್ತು ಕೊನೆಯ ಗುರುತು ಹೇಳಿದರೆ ನಡುವಿನದೆಲ್ಲ ಒಂದೇ ಉಸಿರಿಗೆ ಬಂದುಬಿಡುತ್ತದೆ.

ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯಲು ಜಾನ್ ಬ್ಯಾಕಸ್ 1959ರಲ್ಲಿ ಒಂದು ಪದ್ಧತಿ ರೂಪಿಸಿದರು. ಪೀಟರ್ ನೌರ್ ಅದನ್ನು ತಿದ್ದಿ ಬಳಸಿದರು. ಪಾಣಿನಿ ಇಂಥದ್ದನ್ನು ಎಂದೋ ಮಾಡಿದ್ದ, ಆದ್ದರಿಂದ ಅದನ್ನು ‘ಪಾಣಿನಿ-ಬ್ಯಾಕಸ್ ಫಾರ್ಮ್’ ಎಂದು ಕರೆಯೋಣ ಎಂದು ಪೀಟರ್ ಇಂಗರ್‌ಮನ್ 1967ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳ ಪತ್ರಿಕೆಗೆ ಪತ್ರ ಬರೆದರು. ಹೆಸರು ಚಲಾವಣೆಗೆ ಬರಲಿಲ್ಲ. ಬರಬೇಕಿತ್ತು.

ಇಷ್ಟಾದರೂ ಸಂಸ್ಕೃತ ಯಂತ್ರಕ್ಕೆ ಸುಲಭದ ತುತ್ತಲ್ಲ. ‘ಸುರಾಲಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ಸುರ ಮತ್ತು ಆಲಯ ಎಂದು ಬಿಡಿಸಿದರೆ ದೇವತೆಗಳ ಮನೆ. ಸುರಾ ಮತ್ತು ಆಲಯ ಎಂದು ಬಿಡಿಸಿದರೆ ಹೆಂಡದಂಗಡಿ! ಸವರ್ಣದೀರ್ಘ ಸಂಧಿಯಲ್ಲಿ ಎರಡೂ ಒಂದೇ ರೂಪಕ್ಕೆ ಬಂದು ನಿಲ್ಲುತ್ತವೆ. ಸಂದರ್ಭ ತಿಳಿಯದ ಯಂತ್ರ ಯಾವುದನ್ನು ಆರಿಸಬೇಕು? ಈ ಗಂಟು ಬಿಡಿಸಲೆಂದೇ ಫ್ರಾನ್ಸಿನ ಜೆರಾರ್ ಹ್ಯುಯೆ, ಹೈದರಾಬಾದ್ ವಿಶ್ವವಿದ್ಯಾಲಯದ ಅಂಬಾ ಕುಲಕರ್ಣಿ ಮೊದಲಾದವರು ವರ್ಷಗಟ್ಟಲೆ ತಂತ್ರಾಂಶ ಕಟ್ಟುತ್ತ ಬಂದಿದ್ದಾರೆ. ಸಂಸ್ಕೃತಕ್ಕೆ ಸಲ್ಲುತ್ತಿರುವ ನಿಜವಾದ ಸೇವೆ ಇದು.

ಕ್ರಿಯೆಗೂ ವಾಕ್ಯದ ಉಳಿದ ಪದಗಳಿಗೂ ಇರುವ ಸಂಬಂಧ ಹೇಳುವ ಪಾಣಿನಿಯ ಕಾರಕ ಸಿದ್ಧಾಂತ ಕನ್ನಡಕ್ಕೂ ದುಡಿದಿದೆ. ಐಐಟಿ ಕಾನ್ಪುರದಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮತ್ತು ಸಂಗಡಿಗರು ಅದರ ಆಧಾರದ ಮೇಲೆ ‘ಅನುಸಾರಕ’ ಎಂಬ ಯಂತ್ರಾನುವಾದ ವ್ಯವಸ್ಥೆ ಕಟ್ಟಿದರು. ಅದು ಹಿಂದಿಗೆ ತಂದ ಭಾಷೆಗಳಲ್ಲಿ ಕನ್ನಡವೂ ಒಂದು.

ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಸಂಸ್ಕೃತ? 2022ರಲ್ಲಿ. ಇಂದಿನ ಯಂತ್ರಾನುವಾದ ಕಲಿಯುವುದು ರಾಶಿ ರಾಶಿ ಪಠ್ಯ ಓದಿ. ವ್ಯಾಕರಣ ಎಷ್ಟೇ ಶುದ್ಧವಾಗಿರಲಿ, ಓದಲು ಪಠ್ಯ ಸಿಗದಿದ್ದರೆ ಯಂತ್ರ ಮೂಕ. ಕನ್ನಡಿಗರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಬೇಕು ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ.

ಪ್ರೊಸೆಸರ್‌ಗೆ ಇಂಗ್ಲಿಷೂ ಬರುವುದಿಲ್ಲ, ಸಂಸ್ಕೃತವೂ ಬರುವುದಿಲ್ಲ. ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಬೆಲೆ = 10’ ಎಂದು ಕನ್ನಡ ಲಿಪಿಯಲ್ಲೇ ಹೆಸರಿಟ್ಟು ಬರೆಯಿರಿ, ಒಪ್ಪುತ್ತದೆ. ‘೧೦’ ಎಂಬ ಪಠ್ಯವನ್ನು ಸಂಖ್ಯೆಯಾಗಿಸು ಎಂದರೆ ಹತ್ತು ಎಂದೇ ಓದುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಮಾಡಿಸಿ ನೋಡಿ.

ಇನ್ನು ರಾಷ್ಟ್ರಭಾಷೆಯ ಸಂಗತಿ. ಭಾರತಕ್ಕೆ ರಾಷ್ಟ್ರಭಾಷೆ ಇಲ್ಲ. ಸಂವಿಧಾನದ 343ನೇ ವಿಧಿ ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆ ಎನ್ನುತ್ತದೆ, ಅಷ್ಟೇ. ಅಂಕಿಗಳು ಮಾತ್ರ ದೇವನಾಗರಿಯವಲ್ಲ; ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ, ಅಂದರೆ 1, 2, 3. ಹಿಂದಿ ರಾಷ್ಟ್ರಭಾಷೆ ಎಂದು ಘೋಷಿಸಿದ ಯಾವ ದಾಖಲೆಯೂ ಇಲ್ಲ ಎಂದು 2010ರಲ್ಲಿ ಗುಜರಾತ್ ಹೈಕೋರ್ಟ್ ಕೂಡ ಹೇಳಿತು.

ಸಂಸ್ಕೃತವೇ ಅಧಿಕೃತ ಭಾಷೆಯಾಗಲಿ ಎಂದು ಸಂವಿಧಾನ ಸಭೆಯಲ್ಲಿ ತಿದ್ದುಪಡಿ ಬಂದಿತ್ತು ಗೊತ್ತೇ? ತಂದವರು ಬಂಗಾಳದ ಲಕ್ಷ್ಮೀಕಾಂತ ಮೈತ್ರ. ಸಂಸ್ಕೃತದ ಪರ ಮಾತಾಡಿದವರಲ್ಲಿ ನಜೀರುದ್ದೀನ್ ಅಹ್ಮದ್ ಕೂಡ ಇದ್ದರು. ಎಲ್ಲರಿಗೂ ಸಮಾನವಾಗಿ ಕಷ್ಟವಾದ ಭಾಷೆ, ಆದ್ದರಿಂದ ಯಾರಿಗೂ ಅನ್ಯಾಯವಿಲ್ಲ ಎಂಬ ವಾದವೂ ಆ ಚರ್ಚೆಯಲ್ಲಿತ್ತು. ಸಭೆ ಒಪ್ಪಲಿಲ್ಲ. 1949ರ ಸೆಪ್ಟೆಂಬರ್ 14ರಂದು, ಹಿಂದಿಯನ್ನು ಅಧಿಕೃತ ಭಾಷೆಯಾಗಿಸುವ ಮುನ್ಷಿ-ಅಯ್ಯಂಗಾರ್ ಸೂತ್ರ ಗೆದ್ದಿತು.

ಭಾಷೆಗಳನ್ನು ಪಟ್ಟಿ ಮಾಡುವ ಸಂವಿಧಾನದ ಎಂಟನೇ ಪರಿಶಿಷ್ಟದಲ್ಲಿ ಮೊದಲು 14 ಭಾಷೆಗಳಿದ್ದವು, ಈಗ 22. ಇಂಗ್ಲಿಷ್ ಅದರಲ್ಲಿಲ್ಲ. ತುಳು, ಕೊಡವ ಕೂಡ ಇಲ್ಲ. ಅವು ಸೇರಬೇಕೆಂಬ ಬೇಡಿಕೆ ನ್ಯಾಯವಾದದ್ದು. 2011ರ ಜನಗಣತಿಯಲ್ಲಿ ಸಂಸ್ಕೃತ ತಮ್ಮ ಮಾತೃಭಾಷೆ ಎಂದವರು 24,821 ಮಂದಿ. ಅದೇ ಸಂಸ್ಕೃತ ಉತ್ತರಾಖಂಡ ಮತ್ತು ಹಿಮಾಚಲ ಪ್ರದೇಶಗಳಲ್ಲಿ ಎರಡನೇ ಅಧಿಕೃತ ಭಾಷೆ.

ಜೇಬಿನಿಂದ ಒಂದು ನೋಟು ತೆಗೆದು ಹಿಂಬದಿ ನೋಡಿ. ನೋಟಿನ ಬೆಲೆ ಬರೆದ ಪಟ್ಟಿಯಲ್ಲಿ 15 ಭಾಷೆಗಳಿವೆ, ಇಂಗ್ಲಿಷಿನ ಅಕಾರಾದಿಯಲ್ಲಿ. ಕನ್ನಡ ನಾಲ್ಕನೆಯದು. ಕೆಳಗೆ ತಮಿಳಿನ ಮೇಲಿನ ಸಾಲಿನಲ್ಲಿ ಸಂಸ್ಕೃತವೂ ಇದೆ.

ನಮ್ಮ ರಾಜ್ಯದಲ್ಲಿ ಕನ್ನಡವನ್ನು ಅಧಿಕೃತ ಭಾಷೆಯಾಗಿಸಿದ್ದು 1963ರ ಕಾಯ್ದೆ. ಆಗ ರಾಜ್ಯದ ಹೆಸರು ಇನ್ನೂ ಮೈಸೂರು.

ಅಧಿಕೃತ ಭಾಷೆ, ರಾಷ್ಟ್ರಭಾಷೆ ಎರಡರ ಭೇದ ಚೆನ್ನಾಗಿ ಕಾಣುವುದು ಸ್ವಿಟ್ಜರ್ಲೆಂಡಿನಲ್ಲಿ. ಬೆಟ್ಟಗಾಡಿನ ಕೆಲವೇ ಜನ ಆಡುವ ರೊಮಾಂಶ್ ಭಾಷೆಯನ್ನು 1938ರಲ್ಲಿ ಅಲ್ಲಿನವರು ಮತ ಹಾಕಿ ರಾಷ್ಟ್ರಭಾಷೆ ಮಾಡಿದರು. ಕಚೇರಿಯ ಭಾಷೆ ಮಾಡಲಿಲ್ಲ. 1996ರಲ್ಲಿ ಮತ್ತೆ ಮತ ಹಾಕಿ, ರೊಮಾಂಶ್ ಆಡುವವರೊಡನೆ ವ್ಯವಹರಿಸುವಾಗ ಅದೂ ಅಧಿಕೃತ ಎಂದರು. ಮೊದಲನೆಯದು ಗೌರವ, ಎರಡನೆಯದು ಹಕ್ಕು. ಸಿಂಗಪುರದಲ್ಲಿ ರಾಷ್ಟ್ರಭಾಷೆ ಮಲಯ ಒಂದೇ, ರಾಷ್ಟ್ರಗೀತೆಯೂ ಆ ಭಾಷೆಯದೇ. ಅಧಿಕೃತ ಭಾಷೆಗಳು ತಮಿಳೂ ಸೇರಿ ನಾಲ್ಕು.

ಕೊನೆಯದಾಗಿ, ನಮ್ಮ ಸಂವಿಧಾನದಲ್ಲಿ ಹೆಚ್ಚು ಜನಕ್ಕೆ ತಿಳಿಯದ 350ನೇ ವಿಧಿ. ಕೇಂದ್ರದ ಯಾವುದೇ ಅಧಿಕಾರಿಗೆ ನಿಮ್ಮ ಅಹವಾಲನ್ನು ದೇಶದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ, ರಾಜ್ಯದ ಅಧಿಕಾರಿಗೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಆ ಭಾಷೆ ಎಂಟನೇ ಪರಿಶಿಷ್ಟದಲ್ಲಿ ಇರಬೇಕೆಂಬ ಷರತ್ತು ಅಲ್ಲಿಲ್ಲ. ಸರ್ಕಾರಿ ಬ್ಯಾಂಕು, ರೈಲು, ಅಂಚೆ ಯಾವುದರ ದೂರೇ ಇರಲಿ, ಕನ್ನಡದಲ್ಲೇ ಬರೆದು ಕೊಡಿ.